ಹಾರಿಹೋಗುವುದು ಶೀಟು ಮಾತ್ರವೇ?

ಪ್ರತಿ ವರ್ಷ ಏಪ್ರಿಲ್, ಮೇ ತಿಂಗಳು ಬಂತೆಂದರೆ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಒಂದೇ ಬಗೆಯ ಸುದ್ದಿ ಕಾಣಿಸಿಕೊಳ್ಳುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ತಾಲೂಕುಗಳಲ್ಲಿ ಬಿರುಗಾಳಿ ಸಹಿತ ಮಳೆ. ಬಾಳೆ ತೋಟಗಳು ನೆಲಸಮ. ವಿದ್ಯುತ್ ಕಂಬಗಳು ಧರೆಗೆ. ಹಲವು ಮನೆಗಳಿಗೆ ಹಾನಿ. ಬಾಳೆಗೆ ಚಿತ್ರವಿರುತ್ತದೆ, ಕಂಬಕ್ಕೆ ಲೆಕ್ಕವಿರುತ್ತದೆ. ಮನೆಗಳ ಪಾಲಿಗೆ ಉಳಿಯುವುದು 'ಹಲವು' ಎಂಬ ಒಂದೇ ಪದ. ಆ ಹಲವು ಮನೆಗಳು ಯಾರವು? ಹಾರಿಹೋದ ಶೀಟಿನ ಜಾಗಕ್ಕೆ ಹೊಸ ಶೀಟು ಯಾವಾಗ ಬಂತು, ಯಾರ ಹಣದಿಂದ ಬಂತು, ಅಲ್ಲಿಯವರೆಗೆ ಆ ಕುಟುಂಬ ರಾತ್ರಿಗಳನ್ನು ಎಲ್ಲಿ ಕಳೆಯಿತು? ಸುದ್ದಿ ಅಲ್ಲಿಗೆ ಮುಗಿದುಹೋಗುವುದರಿಂದ ಈ ಪ್ರಶ್ನೆಗಳನ್ನು ಕೇಳುವವರೂ ಇರುವುದಿಲ್ಲ.

ಉತ್ತರ ನಮಗೆಲ್ಲ ತಿಳಿದೇ ಇದೆ. ಗಾಳಿ ಎಲ್ಲರ ಮನೆಯ ಮೇಲೂ ಬೀಸುತ್ತದೆ, ಆದರೆ ಎಲ್ಲರ ಮನೆಯನ್ನೂ ಮುರಿಯುವುದಿಲ್ಲ. ಆರ್‌ಸಿಸಿ ಚಾವಣಿಯ ಕೆಳಗೆ ಮಲಗಿದವನಿಗೆ ಅದು ಒಂದು ಸದ್ದು ಮಾತ್ರ. ತಗಡಿನ ಅಥವಾ ಸಿಮೆಂಟ್ ಶೀಟಿನ ಕೆಳಗೆ ಮಲಗಿದವನಿಗೆ ಅದು ಮರುದಿನದ ಕೂಲಿ, ಮಕ್ಕಳ ಪುಸ್ತಕ, ಅಕ್ಕಿಯ ಚೀಲ ಎಲ್ಲವನ್ನೂ ಅಲುಗಾಡಿಸುವ ಸಂಗತಿ. ಚಾಮರಾಜನಗರದಲ್ಲಿ ಗಾಳಿಪುರ ಎಂಬ ಬಡಾವಣೆಯೇ ಇದೆ. ಹೆಸರಿನಲ್ಲೇ ಗಾಳಿಯನ್ನು ಹೊತ್ತಿರುವ ಊರಿನವರಿಗೆ ಗಾಳಿಯ ಬಗ್ಗೆ ಬರೆದು ತಿಳಿಸಬೇಕೇ ಎಂದು ಯಾರಾದರೂ ಕೇಳಬಹುದು. ಗಾಳಿ ಬರುತ್ತದೆ ಎಂದು ತಿಳಿದಿರುವುದು ಬೇರೆ, ಅದಕ್ಕೆ ಸಿದ್ಧರಾಗುವುದು ಬೇರೆ. ಮೊದಲನೆಯದು ನಮ್ಮಲ್ಲಿ ಎಲ್ಲರಿಗೂ ಇದೆ. ಎರಡನೆಯದು ಎಷ್ಟು ಮಂದಿಗಿದೆ?

ಈ ಸೀಮೆಗೆ ಗಾಳಿ ಎರಡು ಸಲ ಬರುತ್ತದೆ. ಮೊದಲನೆಯದು ಮುಂಗಾರಿಗೆ ಮುಂಚಿನ ಮಳೆಯ ಜೊತೆಗಿನದು. ಬೇಸಗೆಯ ಮಧ್ಯಾಹ್ನ ನೆಲ ಕಾದು, ಬಿಸಿಗಾಳಿ ಮೇಲೇರಿ, ಸಂಜೆಯ ಹೊತ್ತಿಗೆ ಎತ್ತರದ ಕಪ್ಪು ಮೋಡ ಕಟ್ಟುತ್ತದೆ. ಆ ಮೋಡದೊಳಗಿನ ತಂಪಾದ ಗಾಳಿ ಒಮ್ಮೆಲೇ ಕೆಳಗೆ ಧುಮುಕಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಮಳೆಯ ಹನಿ ಬೀಳುವ ಕೆಲವೇ ನಿಮಿಷ ಮೊದಲು ಧೂಳೆಬ್ಬಿಸಿಕೊಂಡು ಬರುವ ಗಾಳಿ ಇದೇ. ಹತ್ತಿಪ್ಪತ್ತು ನಿಮಿಷದಲ್ಲಿ ಅದು ತನ್ನ ಕೆಲಸ ಮುಗಿಸುತ್ತದೆ. ಎರಡನೆಯದು ಆಷಾಢದ ಗಾಳಿ. ಪಶ್ಚಿಮ ಘಟ್ಟಗಳು ಮಳೆಯ ಬಹುಪಾಲನ್ನು ಆಚೆಯೇ ಇಳಿಸಿಕೊಂಡು ನಮ್ಮ ಕಡೆಗೆ ಗಾಳಿಯನ್ನು ದಾಟಿಸುತ್ತವೆ. ಅದು ಒಂದೇಟಿಗೆ ಮುರಿಯುವುದಿಲ್ಲ. ವಾರಗಟ್ಟಲೆ ಬೀಸಿ ಮೊಳೆಗಳನ್ನು ಸಡಿಲಿಸುತ್ತದೆ, ಶೀಟಿನ ತೂತುಗಳನ್ನು ಅಗಲಿಸುತ್ತದೆ. ಈ ವರ್ಷದ ಆಷಾಢ ಸಡಿಲಿಸಿದ್ದನ್ನು ಮುಂದಿನ ವರ್ಷದ ಬೇಸಗೆ ಮಳೆ ಕಿತ್ತೊಯ್ಯುತ್ತದೆ. ಆದ್ದರಿಂದ ಮನೆಯ ಮಾಡು ಹಾರಿದ್ದು ಒಂದು ಸಂಜೆಯ ಆಕಸ್ಮಿಕ ಎಂದು ನಾವು ಹೇಳಿಕೊಳ್ಳುವುದು ಅರ್ಧ ಸತ್ಯ ಮಾತ್ರ.

ಇಲ್ಲಿಯೇ ನಮ್ಮ ಸಮುದಾಯದ ಒಂದು ಮನೋಭಾವವನ್ನು ಪ್ರಸ್ತಾಪಿಸಬೇಕಾಗಿದೆ. ಶೀಟು ಹಾರಿದರೆ 'ತಕ್ದೀರ್' ಎಂದು ನಿಟ್ಟುಸಿರು ಬಿಟ್ಟು ಸುಮ್ಮನಾಗುವವರು ನಮ್ಮಲ್ಲಿ ಕಡಿಮೆಯಿಲ್ಲ. ಗಾಳಿಯನ್ನು ಶಪಿಸಬಾರದು, ಅದರ ಒಳಿತನ್ನು ಬೇಡಿ ಕೆಡುಕಿನಿಂದ ರಕ್ಷಣೆ ಕೋರಬೇಕು ಎಂದು ಪ್ರವಾದಿ(ಸ)ರು ಕಲಿಸಿದ್ದಾರೆಂಬುದು ನಿಜ. ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ ಮೊದಲು ಕಟ್ಟು, ಆಮೇಲೆ ಭರವಸೆಯಿಡು ಎಂಬರ್ಥದಲ್ಲಿ ಉತ್ತರಿಸಿದವರೂ ಅವರೇ. ಒಂಟೆಯ ಹಗ್ಗಕ್ಕೆ ಇರುವ ಸ್ಥಾನವೇ ಶೀಟಿನ ಹುಕ್ಕಿಗೂ ಇದೆ. ಹುಕ್ಕು ಹಾಕದೆ ವಿಧಿಯನ್ನು ದೂರುವುದಕ್ಕೆ ಭರವಸೆಯೆಂದು ಹೆಸರಿಡಲಾಗದು, ಅದು ಆಲಸ್ಯ.

ಗಾಳಿಯ ಬಲವೆಷ್ಟು? ಭಾರತೀಯ ಮಾನಕ ಬ್ಯೂರೋದ ಸಂಹಿತೆಯಲ್ಲಿ ಇದಕ್ಕೆ ಒಂದು ಸರಳ ಲೆಕ್ಕವಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ಗಂಟೆಗೆ 60 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರ್ ಮೇಲೆ ಸುಮಾರು 17 ಕೆ.ಜಿ. ಭಾರದಷ್ಟು ಒತ್ತುತ್ತದೆ. ಹತ್ತು ಅಡಿ ಉದ್ದ, ಮೂರೂವರೆ ಅಡಿ ಅಗಲದ ಒಂದು ಶೀಟಿಗೆ ಇದನ್ನು ಅನ್ವಯಿಸಿದರೆ 55 ಕೆ.ಜಿ. ಆಗುತ್ತದೆ. ತಗಡಿನ ಶೀಟಿನ ತೂಕವೋ ಹದಿನೈದು ಕೆ.ಜಿ. ಆಸುಪಾಸು. ಅದೇ ಸಂಹಿತೆ ಮೈಸೂರಿಗೆ ನಮೂದಿಸಿರುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಆ ವೇಗದಲ್ಲಿ ಒಂದು ಶೀಟಿನ ಮೇಲಿನ ಬಲ ಇನ್ನೂರು ಕೆ.ಜಿ. ದಾಟುತ್ತದೆ. ಮಾಡಿನ ಅಂಚು ಮತ್ತು ಮೂಲೆಗಳಲ್ಲಿ ಇದು ಇನ್ನೂ ಹೆಚ್ಚು. ಗಾಳಿ ಮಾಡನ್ನು ಕೆಳಕ್ಕೆ ಒತ್ತುತ್ತದೆ ಎಂದು ನಾವು ಭಾವಿಸುತ್ತೇವೆ. ಆದರೆ ಮಾಡಿನ ಮೇಲೆ ರಭಸದಿಂದ ಹರಿಯುವಾಗ ಅದು ಶೀಟನ್ನು ಮೇಲಕ್ಕೆ ಹೀರುತ್ತದೆ. ಗಾಳಿಗೆ ಎದುರಾದ ಬಾಗಿಲು ತೆರೆದಿದ್ದರಂತೂ ಒಳನುಗ್ಗಿದ ಗಾಳಿ ಕೆಳಗಿನಿಂದಲೂ ತಳ್ಳುತ್ತದೆ. ಮೇಲಿನಿಂದ ಎಳೆತ, ಒಳಗಿನಿಂದ ತಳ್ಳಾಟ. ಎರಡು ಮೊಳೆಗಳ ಮೇಲೆ ನಿಂತ ಶೀಟು ಇದನ್ನು ತಾಳುವುದಾದರೂ ಹೇಗೆ?

ಈ ಲೆಕ್ಕ ಗೊತ್ತಾದ ಮೇಲೆ ನಮ್ಮ ಮೊಹಲ್ಲಾಗಳಲ್ಲಿ ಕಾಣುವ ಒಂದು ರೂಢಿಯ ಅಪಾಯವೂ ಅರ್ಥವಾಗುತ್ತದೆ. ಶೀಟು ಹಾರದಿರಲೆಂದು ಅದರ ಮೇಲೆ ಕಲ್ಲು, ಇಟ್ಟಿಗೆ, ಹಳೆಯ ಟಯರು ಹೇರುವುದು ಸಾಮಾನ್ಯ. ನಾಲ್ಕು ಕಲ್ಲುಗಳು ಸಾಧಾರಣ ಗಾಳಿಯನ್ನು ತಡೆದಾವು. ಬಿರುಗಾಳಿ ಬಂದಾಗ ಅದೇ ಕಲ್ಲುಗಳು ಒಳಗೆ ಮಲಗಿರುವ ಮಗುವಿನ ಮೇಲೋ, ಬೀದಿಯಲ್ಲಿ ಹೋಗುವವರ ತಲೆಯ ಮೇಲೋ ಬೀಳುತ್ತವೆ. ಹೀಗೆ ರಕ್ಷಣೆಗೆಂದು ಏರಿಸಿದ ಭಾರವೇ ಗಾಯಕ್ಕೆ ಕಾರಣವಾಗುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ಕೆಲಸ ದೊಡ್ಡದಲ್ಲ. ಶೀಟನ್ನು ಅಡ್ಡಪಟ್ಟಿಗೆ ಬರಿಯ ಮೊಳೆಯಿಂದ ಹೊಡೆಯದೆ ಜೆ ಹುಕ್ಕಿನಿಂದ ಹಿಡಿಸಬೇಕು. ಒಂದು ಹುಕ್ಕಿನ ಬೆಲೆ ಒಂದೆರಡು ಲೋಟ ಚಹಾದ ಬೆಲೆಗಿಂತ ಹೆಚ್ಚಿಲ್ಲ. ಹುಕ್ಕು ಶೀಟಿನ ಏರಿನಲ್ಲಿರಬೇಕು, ತಗ್ಗಿನಲ್ಲಲ್ಲ. ಅಗಲವಾದ ವಾಷರ್ ಇರಬೇಕು. ಅಂಚಿನ ಸಾಲಿಗೆ ಮತ್ತು ಮೂಲೆಗಳಿಗೆ ಹುಕ್ಕುಗಳು ಹೆಚ್ಚು ಬೇಕು. ಶೀಟನ್ನು ಹಿಡಿದಿರುವ ತೊಲೆಯೇ ಗೋಡೆಯ ಮೇಲೆ ಸುಮ್ಮನೆ ಕುಳಿತಿದ್ದರೆ ಹುಕ್ಕಿನಿಂದ ಫಲವಿಲ್ಲ, ಮಾಡು ತೊಲೆಸಹಿತ ಏಳುತ್ತದೆ. ತೊಲೆಯನ್ನು ಗೋಡೆಯೊಳಗೆ ಹುದುಗಿಸಿದ ಕಬ್ಬಿಣದ ಪಟ್ಟಿಯಿಂದ ಬಿಗಿಯಬೇಕು. ಗೋಡೆಗೂ ಶೀಟಿಗೂ ನಡುವಿನ ಸಂದನ್ನು ಗಾರೆಯಿಂದ ಮುಚ್ಚಬೇಕು. ಸೂರು ಗೋಡೆಯಿಂದ ಒಂದೂವರೆ ಅಡಿಗಿಂತ ಹೆಚ್ಚು ಹೊರಚಾಚದಿರಲಿ. ಜಗಲಿಯ ಮಾಡನ್ನು ಮನೆಯ ಮಾಡಿಗೆ ಸೇರಿಸಿ ಹಾಕದೆ ಬೇರೆಯಾಗಿ ಕಟ್ಟಿದರೆ, ಜಗಲಿಯದು ಹಾರಿದರೂ ಮನೆಯದು ಉಳಿಯುತ್ತದೆ. ಮಂಗಳೂರು ಹೆಂಚಿನ ಮನೆಯಾದರೆ ಮೇಲ್ತುದಿಯ ಸಾಲನ್ನೂ ಸೂರಿನ ಸಾಲನ್ನೂ ಪ್ರತಿ ಬೇಸಗೆಗೆ ಮುನ್ನ ನೋಡಬೇಕು. ಬಿಟ್ಟುಕೊಂಡ ಗಾರೆಯನ್ನು ಮತ್ತೆ ಹಾಕಬೇಕು, ಸೂರಿನ ಹೆಂಚುಗಳನ್ನು ತಂತಿಯಿಂದ ರೀಪಿಗೆ ಕಟ್ಟಬೇಕು. ಆರ್‌ಸಿಸಿ ಮನೆಯವರೂ ನಿಶ್ಚಿಂತರಲ್ಲ. ಖಾಲಿಯಾದ ಪ್ಲಾಸ್ಟಿಕ್ ನೀರಿನ ಟ್ಯಾಂಕು, ಬಿಗಿಯಿಲ್ಲದ ಟಿ.ವಿ. ಡಿಶ್ಶು, ಕಂಬಿಯಿಲ್ಲದೆ ಎತ್ತರಿಸಿದ ಪ್ಯಾರಾಪೆಟ್ ಗೋಡೆ ಇವೆಲ್ಲ ಬೀಳುವುದು ಪಕ್ಕದ ಬಡವನ ಶೀಟಿನ ಮೇಲೆಯೇ. ನಾಯಕರ ಹುಟ್ಟುಹಬ್ಬಕ್ಕೆಂದು ಕಟ್ಟಿ ಬಿಚ್ಚಲು ಮರೆತ ಫ್ಲೆಕ್ಸ್‌ಗಳ ಮಾತು ಬೇರೆ ಹೇಳಬೇಕಾಗಿಲ್ಲ.

ಇಷ್ಟಾದರೂ ಹಾನಿಯಾದರೆ ಮೊದಲ ಒಂದು ಗಂಟೆಯ ವರ್ತನೆ ಮುಖ್ಯ. ತುಂಡಾದ ವಿದ್ಯುತ್ ತಂತಿಯನ್ನಾಗಲಿ, ಅದು ತಾಗಿರುವ ತಗಡನ್ನಾಗಲಿ ಮುಟ್ಟಬಾರದು. ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ 1912ಕ್ಕೆ ಕರೆ ಮಾಡಿ ದೂರ ನಿಲ್ಲಬೇಕು. ಗಾಳಿ ಪೂರ್ತಿ ನಿಲ್ಲುವ ಮೊದಲು, ಒದ್ದೆಯಾದ ಮಾಡಿನ ಮೇಲೆ ಯಾರೂ ಹತ್ತಬಾರದು. ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುತ್ತದೆ. ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ಅದರ ಚೂರುಗಳನ್ನು ಒಣಗಿದಂತೆಯೇ ಗುಡಿಸದೆ, ನೀರು ಚಿಮುಕಿಸಿ, ಮೂಗು ಬಾಯಿ ಮುಚ್ಚಿಕೊಂಡು ಎತ್ತಬೇಕು. ಮಕ್ಕಳ ಕೈಗೆ ಆ ಚೂರುಗಳು ಸಿಗಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಏನನ್ನೂ ಸರಿಪಡಿಸುವ ಮೊದಲು ಒಳಗಿನಿಂದ, ಹೊರಗಿನಿಂದ, ಮನೆಯ ನಂಬರು ಕಾಣುವಂತೆ ಫೋಟೋ ತೆಗೆದಿಡಬೇಕು. ಟಾರ್ಪಾಲು ಹೊದಿಸುವುದು ಅದಾದ ಮೇಲೆ. ಇಂದು ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಆದರೂ ಅಧಿಕಾರಿಗಳು ಬಂದಾಗ ತೋರಿಸಲು ಒಂದು ಚಿತ್ರವೂ ಇಲ್ಲದ ಮನೆಗಳು ಎಷ್ಟೋ.

ಇನ್ನು ಸರಕಾರದ ಕಡೆಗೆ ಬರೋಣ. ಹಾನಿಯಾದವನು ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಡಬೇಕು. ಕಂದಾಯ ಸಿಬ್ಬಂದಿ ಮತ್ತು ಇಂಜಿನಿಯರು ಬಂದು ನೋಡಿ ವರದಿ ಕೊಡುತ್ತಾರೆ, ಪರಿಹಾರ ಬ್ಯಾಂಕ್ ಖಾತೆಗೆ ಬರುತ್ತದೆ. ಕಾಗದದ ಮೇಲೆ ಇದು ಸುಗಮ. ಆದರೆ ಮೊತ್ತವನ್ನು ನೋಡಿ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ಗೃಹ ಸಚಿವಾಲಯ ನಿಗದಿಪಡಿಸಿದ ವಿಪತ್ತು ಪರಿಹಾರ ಮಾನದಂಡದಲ್ಲಿ, ಬಯಲು ಸೀಮೆಯಲ್ಲಿ ಪೂರ್ತಿ ನಾಶವಾದ ಮನೆಗೆ 1,20,000 ರೂಪಾಯಿ. ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ. ಅದೂ ಹಾನಿ ಕನಿಷ್ಠ ಶೇ. 15ರಷ್ಟಿದ್ದರೆ ಮಾತ್ರ. ಗೋಡೆಗಳು ನಿಂತಿವೆ, ನಾಲ್ಕು ಶೀಟು ಹಾರಿದೆ, ಮುಂದಿನ ಸೂರು ಮುರಿದಿದೆ. ಇದು ಶೇಕಡಾ ಎಷ್ಟು? ಗಾಳಿ ಸಾಮಾನ್ಯವಾಗಿ ಮಾಡುವುದು ಇಂಥದೇ ಹಾನಿ. ಅದು ಮನೆಯನ್ನು ಉರುಳಿಸುವುದಿಲ್ಲ, ಹೊರಮೈಯನ್ನು ಸುಲಿಯುತ್ತದೆ. ಪರಿಹಾರದ ಅಳತೆಗೋಲು ಉರುಳಿದ್ದನ್ನು ಕಾಣುತ್ತದೆ, ಸುಲಿದದ್ದನ್ನು ಕಾಣುವುದಿಲ್ಲ.

ಇನ್ನೊಂದು ಸಂಗತಿಯಿದೆ. ಅದೇ ಮಾನದಂಡದ 12 ವಿಪತ್ತುಗಳ ಪಟ್ಟಿಯಲ್ಲಿ ಚಂಡಮಾರುತವಿದೆ, ಆಲಿಕಲ್ಲು ಮಳೆಯಿದೆ, ಮೇಘಸ್ಫೋಟವಿದೆ. ನಮ್ಮ ಬಯಲುಸೀಮೆಯ ಬೇಸಗೆ ಬಿರುಗಾಳಿಗೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ಇಂಥ ಸ್ಥಳೀಯ ವಿಪತ್ತುಗಳಿಗೆ ರಾಜ್ಯಗಳು ತಮ್ಮ ವಿಪತ್ತು ಪರಿಹಾರ ನಿಧಿಯ ಶೇ. 10ರವರೆಗೆ ಬಳಸಲು ಅವಕಾಶವಿದೆ. ರಾಜ್ಯ ಮನಸ್ಸು ಮಾಡಿದರೆ ಹೆಚ್ಚು ಕೊಡಬಲ್ಲದು ಎಂಬುದಕ್ಕೆ ಉದಾಹರಣೆಯೂ ಇದೆ. 2019ರ ನೆರೆಯಲ್ಲಿ ಪೂರ್ತಿ ಮನೆ ಕಳೆದುಕೊಂಡವರಿಗೆ ಕರ್ನಾಟಕ ಸರಕಾರ 5 ಲಕ್ಷ ರೂಪಾಯಿ ಘೋಷಿಸಿತ್ತು. ಆದರೆ ನೆರೆ ರಾಜಕೀಯವಾಗಿ ಎದ್ದು ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಒಂದು ಮೊಹಲ್ಲಾದಲ್ಲಿ ಹತ್ತು ಮನೆ, ಇನ್ನೊಂದು ಹಳ್ಳಿಯಲ್ಲಿ ಮೂರು ಮನೆ ಎಂದು ಚದುರಿದ ಹಾನಿಗೆ ಮಂತ್ರಿಗಳು ಹೆಲಿಕಾಪ್ಟರಿನಲ್ಲಿ ಬರುವುದಿಲ್ಲ. ಇಡೀ ರಾಜ್ಯ ಬೆಂದ 2023ರ ಬರಗಾಲಕ್ಕೇ 18,171 ಕೋಟಿ ರೂಪಾಯಿ ಕೇಳಿ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿ, ಕೊನೆಗೆ 2024ರ ಏಪ್ರಿಲ್‌ನಲ್ಲಿ ಕೇಂದ್ರದಿಂದ 3,454 ಕೋಟಿ ಪಡೆಯಬೇಕಾಯಿತು. ಹೀಗಿರುವಾಗ ನಾಲ್ಕು ಶೀಟಿನ ನಷ್ಟಕ್ಕೆ ಯಾರು ದನಿಯೆತ್ತುತ್ತಾರೆ? ನಮ್ಮ ನಗರಸಭೆ, ಪುರಸಭೆ ಸದಸ್ಯರಾದರೂ ಭಾಗಶಃ ಹಾನಿಯ ಮೊತ್ತವನ್ನು ಹೆಚ್ಚಿಸಬೇಕೆಂದು ಒತ್ತಾಯಿಸಬೇಡವೇ? ಮತ ಕೇಳಲು ಬಂದವರನ್ನು ಈ ಪ್ರಶ್ನೆ ಕೇಳುವ ಅಭ್ಯಾಸ ನಮಗೂ ಇರಬೇಕು.

ಮೊತ್ತ ಚಿಕ್ಕದೆಂದು ಹಕ್ಕನ್ನು ಬಿಟ್ಟುಕೊಡುವುದೂ ತಪ್ಪು. ಅದನ್ನು ಪಡೆಯಲು ದೊಡ್ಡ ಅಡ್ಡಿ ದಾಖಲೆಯದು. ಹಾನಿಯಾದ ಮನೆ ಅಧಿಕೃತ ನಿರ್ಮಾಣವಾಗಿರಬೇಕೆಂದು ಮಾನದಂಡ ಹೇಳುತ್ತದೆ. ಪಟ್ಟಣದಂಚಿನ ಬಡಾವಣೆಗಳಲ್ಲಿ ತಂದೆಯ ಹೆಸರಿನಲ್ಲಿದ್ದ ನಿವೇಶನವನ್ನು ನಾಲ್ವರು ಮಕ್ಕಳು ಬಾಯಿಮಾತಿನಲ್ಲಿ ಹಂಚಿಕೊಂಡು ಶೀಟಿನ ಮನೆ ಕಟ್ಟಿಕೊಂಡಿರುತ್ತಾರೆ. ಖಾತೆ ಮಾತ್ರ ತೀರಿಹೋದ ತಂದೆಯ ಹೆಸರಿನಲ್ಲೇ ಉಳಿದಿರುತ್ತದೆ. ಕಂದಾಯ ಕಟ್ಟಿರುವುದಿಲ್ಲ, ಪೌತಿ ಖಾತೆ ಮಾಡಿಸಿರುವುದಿಲ್ಲ. 2025ರಲ್ಲಿ ರಾಜ್ಯ ಸರಕಾರ ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಬಡಾವಣೆಗಳ ಆಸ್ತಿಗಳಿಗೆ ಬಿ ಖಾತೆ ನೀಡುವ ಅಭಿಯಾನ ಕೈಗೊಂಡಾಗ ನಮ್ಮಲ್ಲಿ ಎಷ್ಟು ಮಂದಿ ಅರ್ಜಿ ಹಾಕಿದೆವು? ದಾಖಲೆಯಿಲ್ಲದವನ ಮನೆಯನ್ನು ಗಾಳಿ ಒಮ್ಮೆ ಮುರಿದರೆ ಕಚೇರಿ ಹತ್ತು ಸಲ ಮುರಿಯುತ್ತದೆ.

ಬಾಡಿಗೆ ಮತ್ತು ಭೋಗ್ಯದ ಮನೆಗಳಲ್ಲಿರುವವರ ಪಾಡು ಇನ್ನೂ ವಿಚಿತ್ರ. ನೆನೆದದ್ದು ಬಾಡಿಗೆದಾರನ ಹಾಸಿಗೆ, ಪರಿಹಾರ ಬರುವುದಾದರೆ ಅದು ಮಾಲೀಕನ ಹೆಸರಿಗೆ. ರಿಪೇರಿ ಯಾರದೆಂಬ ವಾದದಲ್ಲಿ ಮಳೆಗಾಲವೇ ಕಳೆದುಹೋಗುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮು ಈ ಬಗ್ಗೆ ಮೌನವಾಗಿಲ್ಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದಾಗ, ಬೆಂಕಿ, ಬಿರುಗಾಳಿ ಅಥವಾ ನೆರೆಯಿಂದ ಮನೆಯ ಪ್ರಮುಖ ಭಾಗ ಶಾಶ್ವತವಾಗಿ ವಾಸಕ್ಕೆ ಅಯೋಗ್ಯವಾದರೆ ಕರಾರನ್ನು ರದ್ದೆಂದು ಪರಿಗಣಿಸುವ ಆಯ್ಕೆ ಬಾಡಿಗೆದಾರನಿಗಿದೆ. ಮಾಲೀಕನು ಮಾಡಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಸಕಾಲದಲ್ಲಿ ಮಾಡದಿದ್ದರೆ, ಬಾಡಿಗೆದಾರನೇ ಮಾಡಿಸಿ ಆ ವೆಚ್ಚವನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಆದ್ದರಿಂದ ಕರಾರು ಬರೆಯುವಾಗಲೇ ಮಾಡಿನ ಹೊಣೆ ಯಾರದೆಂದು ಬರೆಸಿಕೊಳ್ಳಬೇಕು. ನಮ್ಮ ಮೊಹಲ್ಲಾಗಳಲ್ಲಿ ಮಾಲೀಕರೂ ನಮ್ಮವರೇ, ಬಾಡಿಗೆದಾರರೂ ನಮ್ಮವರೇ. ತಿಂಗಳ ಐದನೇ ತಾರೀಕಿಗೆ ಬಾಡಿಗೆ ಕೇಳುವ ಹಾಜಿ ಸಾಹೇಬರು ಸೋರುವ ಮಾಡಿನ ಬಗ್ಗೆ ಕಿವುಡಾಗುವುದು ನ್ಯಾಯವೇ?

ವಿಮೆಯ ದಾರಿಯೂ ಒಂದಿದೆ. ಬಿರುಗಾಳಿಯ ಹಾನಿಯನ್ನೂ ಒಳಗೊಂಡ 'ಭಾರತ್ ಗೃಹ ರಕ್ಷಾ' ಎಂಬ ಏಕರೂಪದ ಗೃಹ ವಿಮೆ 2021ರ ಏಪ್ರಿಲ್ 1ರಿಂದ ದೇಶದಲ್ಲಿ ಜಾರಿಯಲ್ಲಿದೆ. ವಾಣಿಜ್ಯ ವಿಮೆಯ ಬಗ್ಗೆ ಉಲಮಾಗಳಲ್ಲಿ ಆಕ್ಷೇಪವಿರುವುದರಿಂದ ಅನೇಕ ಕುಟುಂಬಗಳು ಅತ್ತ ನೋಡುವುದಿಲ್ಲ. 1985ರಲ್ಲಿ ಜಿದ್ದಾದಲ್ಲಿ ಸೇರಿದ ಅಂತಾರಾಷ್ಟ್ರೀಯ ಫಿಕ್ಹ್ ಅಕಾಡೆಮಿ ವಾಣಿಜ್ಯ ವಿಮೆಯನ್ನು ಒಪ್ಪಲಿಲ್ಲ ನಿಜ, ಆದರೆ ಪರಸ್ಪರ ಸಹಕಾರದ ವಿಮೆಯನ್ನು ಅದರ ಬದಲಿಯಾಗಿ ಎತ್ತಿಹಿಡಿಯಿತು. ಸುಡಾನ್ 1979ರಲ್ಲೇ ಈ ದಾರಿ ಹಿಡಿದಿತ್ತು, ಮಲೇಶ್ಯಾ 1984ರಲ್ಲಿ ಅದಕ್ಕೆ ಕಾನೂನನ್ನೇ ಮಾಡಿತು. ನಾವು ನಿರ್ಣಯದ ಮೊದಲರ್ಧವನ್ನು ನೆನಪಿಟ್ಟುಕೊಂಡೆವು, ಎರಡನೆಯ ಅರ್ಧವನ್ನು ಮರೆತೆವು. ಬೇಡವೆಂದದ್ದನ್ನು ಬಿಟ್ಟವರು ಅದರ ಜಾಗದಲ್ಲಿ ಬೇಕಾದದ್ದನ್ನು ಕಟ್ಟದಿದ್ದರೆ ಬಡವನಿಗೆ ಉಳಿಯುವುದು ಬಯಲು ಮಾತ್ರ.

ಹಾಗೆ ಕಟ್ಟುವುದಕ್ಕೆ ಕಂಪನಿ ಬೇಕಾಗಿಲ್ಲ, ಒಂದು ಮಸೀದಿಯ ಜಮಾತ್ ಸಾಕು. ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ ಗಾರೆ ಕೆಲಸದವರು, ಬಡಗಿಗಳು, ವೆಲ್ಡಿಂಗ್ ಮಾಡುವ ಯುವಕರು ನಮ್ಮ ನಡುವೆ ಇದ್ದಾರೆ. ಗಾಳಿಗೆ ಮುನ್ನ, ಎರಡು ಭಾನುವಾರ ಅವರು ಮೊಹಲ್ಲಾ ಸುತ್ತಿ ಶೀಟಿನ ಮನೆಗಳನ್ನು ಪರೀಕ್ಷಿಸಲಿ. ಯಾವ ಮನೆಗೆ ಎಷ್ಟು ಹುಕ್ಕು, ಎಷ್ಟು ಪಟ್ಟಿ, ಎಷ್ಟು ಶೀಟು ಬೇಕೆಂದು ಪಟ್ಟಿ ಮಾಡಲಿ. ವಿಧವೆಯರ, ವೃದ್ಧರ, ದುಡಿಯುವ ಗಂಡಸರಿಲ್ಲದ ಮನೆಗಳು ಪಟ್ಟಿಯಲ್ಲಿ ಮೊದಲಿರಲಿ. ಹತ್ತಿಪ್ಪತ್ತು ಟಾರ್ಪಾಲು, ಹಗ್ಗ, ಒಂದು ಏಣಿ ಮಸೀದಿಯ ಕೋಣೆಯಲ್ಲಿ ಸದಾ ಇರಲಿ. ಅರ್ಜಿ ಬರೆದುಕೊಡಲು, ಖಾತೆ ಮಾಡಿಸಲು ಓದಿದ ಇಬ್ಬರು ಹುಡುಗರು ಅಥವಾ ಹುಡುಗಿಯರು ಮುಂದೆ ಬರಲಿ. ಮಾಡಿನ ಪಟ್ಟಿ ಮಾಡುವಾಗ ಪಕ್ಕದ ಹಿಂದೂ ಮನೆಯನ್ನು ಬಿಟ್ಟು ಮುಂದಕ್ಕೆ ಹೋಗದಿರಲಿ. ಗಾಳಿ ಮನೆಯ ಬಾಗಿಲಿನ ಹೆಸರು ಓದುವುದಿಲ್ಲ, ನೆರೆಯವನ ಹಕ್ಕೂ ಧರ್ಮ ಕೇಳಿ ಬರುವಂಥದಲ್ಲ.

ಹಣವೆಲ್ಲಿಂದ ಎಂಬ ಪ್ರಶ್ನೆಗೂ ಉತ್ತರವಿದೆ. 2025ರಲ್ಲಿ ರಮಝಾನ್ ಮಾರ್ಚ್ ತಿಂಗಳಲ್ಲಿತ್ತು, 2026ರಲ್ಲಿ ಫೆಬ್ರವರಿ–ಮಾರ್ಚ್‌ನಲ್ಲಿ. ಅಂದರೆ ನಾವು ಝಕಾತ್ ತೆಗೆಯುವ ದಿನಗಳು ಈಗ ಗಾಳಿಯ ದಿನಗಳಿಗೆ ಸರಿಯಾಗಿ ಮುಂಚೆ ಬರುತ್ತಿವೆ. ಝಕಾತ್‌ನ ಹಕ್ಕುದಾರರಲ್ಲಿ ಕುರ್‌ಆನ್ ಮೊದಲು ಹೆಸರಿಸಿದ್ದು ಬಡವರನ್ನು. ಹತ್ತು ಮಂದಿಗೆ ನೂರು ನೂರು ರೂಪಾಯಿ ಹಂಚಿ ಮುಂದಿನ ವರ್ಷವೂ ಅವರನ್ನು ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದಕ್ಕಿಂತ, ಒಬ್ಬ ಬಡವನ ಮಾಡನ್ನು ಭದ್ರಪಡಿಸುವಷ್ಟು ಮೊತ್ತವನ್ನು ಅವನ ಕೈಗೇ ಕೊಡುವುದು ಲೇಸಲ್ಲವೇ? ಹಿಂದೂ ನೆರೆಯವರ ಮನೆಗೆ ಸದಕಾದ ಹಣ ಇದ್ದೇ ಇದೆ. ಒಂದು ಮದುವೆಯ ಶಾಮಿಯಾನಕ್ಕೆ, ಒಂದು ರಾತ್ರಿಯ ದೀಪಾಲಂಕಾರಕ್ಕೆ ನಾವು ಖರ್ಚು ಮಾಡುವ ಹಣದಲ್ಲಿ ಎಷ್ಟು ಶೀಟುಗಳಿಗೆ ಹುಕ್ಕು ಹಾಕಬಹುದೆಂದು ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಕುಳಿತು ಲೆಕ್ಕ ಹಾಕಲಿ. ಮಸೀದಿಯ ಮಿನಾರವನ್ನು ಇನ್ನೂ ಹತ್ತಡಿ ಎತ್ತರಿಸುವ ಚರ್ಚೆ ನಡೆಯುವಾಗ, ಅದರ ನೆರಳಿನಲ್ಲೇ ಇರುವ ಮನೆಗಳ ಮಾಡುಗಳ ಮೇಲೆ ಒಮ್ಮೆ ಕಣ್ಣು ಹಾಯಿಸೋಣ.

ಗಾಳಿಯನ್ನು ತಡೆಯುವ ಶಕ್ತಿ ಯಾರಿಗೂ ಇಲ್ಲ. ಶೀಟಿಗೆ ಹುಕ್ಕು ಹಾಕುವ ಶಕ್ತಿ ಮಾತ್ರ ಎಲ್ಲರಿಗೂ ಇದೆ. ಸರಕಾರ ಕೊಡಬೇಕಾದದ್ದನ್ನು ದಾಖಲೆ ಹಿಡಿದು ಕೇಳೋಣ. ಮಾಲೀಕರಾದವರು ತಮ್ಮ ಹೊಣೆಯನ್ನು ಅರಿಯಲಿ, ಜಮಾತ್‌ಗಳು ತಮ್ಮ ಮೊಹಲ್ಲಾಗಳ ಮಾಡುಗಳ ಲೆಕ್ಕವನ್ನೂ ಇಡಲಿ. ಮೇ ತಿಂಗಳಲ್ಲಿ ಚಂದಾ ಎತ್ತುವ ಸಮುದಾಯವಾಗಿಯೇ ಉಳಿಯಬೇಕೋ, ಮಾರ್ಚ್‌ನಲ್ಲೇ ಏಣಿ ಹತ್ತುವ ಸಮುದಾಯವಾಗಬೇಕೋ ಎಂಬುದನ್ನು ತೀರ್ಮಾನಿಸಬೇಕಾದವರು ನಾವೇ.